ಹದಿನೇಳನೆಯ ಸಂಖ್ಯೆಯ ಇಬ್ಬರು

ನನ್ನ ಬೀಳ್ಕೊಡುಗೆಯ ಸಭೆಯಲ್ಲಿ ನಮ್ಮ ಸಂಸ್ಥೆಯ ಆಡಳಿತಾಧಿಕಾರಿ ಚಂದ್ರಮೌಳಿಯವರು ಮೈಕಿನ ಮುಂದೆ ನಿಂತು, “ಸುಭದ್ರಾ ಮೇಡಂ ಅವರಿಗೆ ಲ್ಯಾಬಿನ ಕೆಲಸವೆಲ್ಲ ಕರತಲಾಮಲಕ. ಒಂದೇ ಕೊರತೆ, ಕಂಪ್ಯೂಟರ್ ಕಂಡರೆ ಭಯ” ಎಂದರು. ಸಭೆ ನಕ್ಕಿತು. ಕೊರಳಿಗೆ ಹಾರ ಹಾಕಿಸಿಕೊಂಡು ಕುಳಿತವಳು ಎದ್ದು ಎದುರುತ್ತರ ಕೊಡುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದೆ. ಮುಂದಿನ ಸಾಲಿನಲ್ಲಿ ನಕ್ಕ ಐವರ ಹೆಸರೂ ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ಬರೆಯಬೇಕಾದದ್ದು ಆ ಭಯದ ಬಗ್ಗೆ. ಇಂದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸಕ್ಕೆ ಸೇರುವ ಮಕ್ಕಳು, ರಕ್ತ ಪರೀಕ್ಷೆಯ ಯಂತ್ರ, ಅದರ ಪಕ್ಕದ ಕಂಪ್ಯೂಟರ್, ಅದನ್ನು ದೂರದ ಊರಿಗೆ ಜೋಡಿಸುವ ನೆಟ್‌ವರ್ಕ್ ಎಲ್ಲವೂ ಸಿದ್ಧವಾಗಿರುವ ಕೋಣೆಗೆ ಕಾಲಿಡುತ್ತಾರೆ. ಇವನ್ನು ಒಂದಕ್ಕೊಂದು ಮಾತಾಡಿಸುವ ತಂತ್ರಾಂಶವನ್ನು ಎಂದೋ ಯಾರೋ ಆರಿಸಿರುತ್ತಾರೆ. ಹೇಗೆ ಆರಿಸಿದಿರಿ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ನಮ್ಮ ಸಂಸ್ಥೆಯಲ್ಲಿ ಅದನ್ನು ಆರಿಸಿದ ಬಗೆಯಿಂದಾಗಿ ತಿಮ್ಮಪ್ಪ ಎಂಬ ರೈತರೊಬ್ಬರ ಜೀವ ಒಂದು ಬೆಳಗಿನ ಹೊತ್ತು ತೂಗಾಡಿತು. ಆ ಆಯ್ಕೆಯಲ್ಲಿ ನನ್ನ ಕೈಯೂ ಇತ್ತು. ಇದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ.

ನಾನು ದುಡಿದದ್ದು ಒಂದು ಧರ್ಮಾರ್ಥ ಸಂಸ್ಥೆಯ ಆಸ್ಪತ್ರೆಗಳಲ್ಲಿ. ಅದರ ಹೆಸರು ಬೇಡ. ಮೊದಲು ಮಡಕಶಿರಾ, ಆಮೇಲೆ ನಿವೃತ್ತಿಯವರೆಗೂ ರಾಯದುರ್ಗ. ಮುಖ್ಯ ಕಚೇರಿ ಅನಂತಪುರದಲ್ಲಿ. ಯಾವ ವರ್ಷ ಯಾವ ಬಡ್ತಿ ಬಂತು, ಯಾವುದನ್ನು ಯಾರು ತಪ್ಪಿಸಿದರು ಎಂಬುದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ.

ಮಡಕಶಿರಾದ ಲ್ಯಾಬಿನಲ್ಲಿ ನಾನು ಸೇರಿದಾಗ ರಕ್ತದ ಟ್ಯೂಬುಗಳಿಗೆ ವರ್ಷಪೂರ್ತಿ ಒಂದೇ ಸರಣಿಯ ಸಂಖ್ಯೆ. ಜನವರಿಯಲ್ಲಿ ಒಂದರಿಂದ ಹೊರಟದ್ದು ಮಳೆಗಾಲದ ಹೊತ್ತಿಗೆ ಐದಂಕಿ ಮುಟ್ಟುತ್ತಿತ್ತು. ಬೆರಳುದ್ದದ ಗಾಜಿನ ಮೇಲೆ ಪೆನ್ನಿನಲ್ಲಿ ಐದಂಕಿ ಬರೆಯಬೇಕು. ಒದ್ದೆ ಕೈ ತಾಗಿದರೆ ಒಂದು ಅಂಕಿ ಅರ್ಧ ಅಳಿಸಿಹೋಗುವುದು. ಮೊದಲ ವರ್ಷವೇ ನಾನು ಏಳನ್ನು ಒಂದೆಂದು ಓದಿ, ಒಬ್ಬ ಬಾಣಂತಿಯ ಹಿಮೋಗ್ಲೋಬಿನ್ ಅನ್ನು ಇನ್ನೊಬ್ಬಳ ಹೆಸರಿಗೆ ಬರೆದುಬಿಟ್ಟೆ. ಅದು ಸಂಜೆಯೊಳಗೆ ಗೊತ್ತಾಗಿ ಯಾರಿಗೂ ಕೇಡಾಗಲಿಲ್ಲ. ಆದರೂ ಆಗಿನ ವೈದ್ಯಾಧಿಕಾರಿ ಸಾಲಿನಲ್ಲಿ ನಿಂತ ರೋಗಿಗಳೆಲ್ಲರ ಮುಂದೆ ಆ ರಿಪೋರ್ಟನ್ನು ನನ್ನ ಕಡೆ ಎಸೆದು, “ಕಣ್ಣು ಕಾಣದಿದ್ರೆ ಮನೇಲಿ ಮುದ್ದೆ ತಿರುವಿಕೊಂಡಿರಮ್ಮ, ಇಲ್ಯಾಕೆ ಬರ್ತೀಯಾ?” ಎಂದರು. ಕಾಗದ ನೆಲಕ್ಕೆ ಬಿತ್ತು. ನಾನೇ ಬಗ್ಗಿ ಎತ್ತಿಕೊಂಡೆ.

ಅಂದಿನಿಂದ ಒಂದು ಪದ್ಧತಿ ತಂದೆ. ಪ್ರತಿದಿನ ಬೆಳಿಗ್ಗೆ ಹೊಸ ಪುಟ. ಸಂಖ್ಯೆ ಮತ್ತೆ ಒಂದರಿಂದ. ಒಂದು ದಿನಕ್ಕೆ ಎಂಬತ್ತೋ ತೊಂಬತ್ತೋ ರೋಗಿಗಳು. ಎರಡಂಕಿಯನ್ನು ದೊಡ್ಡದಾಗಿ ಬರೆಯಬಹುದು, ದೂರದಿಂದಲೇ ಓದಬಹುದು. ನಂತರ ಒಂದೂ ಟ್ಯೂಬು ತಪ್ಪಲಿಲ್ಲ. ನನ್ನ ಕೈಕೆಳಗೆ ಕೆಲಸ ಕಲಿತ ರಂಗನಾಥನಿಗೂ ಅದನ್ನೇ ಕಲಿಸಿದೆ. “ದಿನಾ ಒಂದರಿಂದ ಶುರು ಮಾಡೋದು ಸಂತೆ ಲೆಕ್ಕ ಇದ್ದಂಗೈತೆ ಕಣಕ್ಕ” ಎಂದು ಅವನು ನಗುತ್ತಿದ್ದ. ನಗುತ್ತಲೇ ಪಾಲಿಸಿದ. ನಾನು ರಾಯದುರ್ಗಕ್ಕೆ ವರ್ಗವಾಗಿ ಬಂದಾಗ ಆ ಪದ್ಧತಿಯನ್ನು ಇಲ್ಲಿಗೂ ತಂದೆ. ಎರಡು ಊರಿನ ಲ್ಯಾಬಿನಲ್ಲೂ ಪ್ರತಿ ಬೆಳಿಗ್ಗೆ ಮೊದಲ ಟ್ಯೂಬಿಗೆ ಒಂದು, ಎರಡನೆಯದಕ್ಕೆ ಎರಡು. ಇದು ನನ್ನ ಹೆಮ್ಮೆಯಾಗಿತ್ತು.

ತಿಮ್ಮಪ್ಪನವರನ್ನು ನಾನು ಬಲ್ಲದ್ದು ಮಡಕಶಿರಾದ ದಿನಗಳಿಂದ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದವರು. ಮೊದಲು ಸಕ್ಕರೆ ಕಾಯಿಲೆಗೆಂದು ಬರುತ್ತಿದ್ದರು. ಕೊನೆಗೆ ಮೂತ್ರಪಿಂಡಗಳು ಸೋತವು. ಹುಳಗಳು ಪೊರೆ ಬಿಡುವ ಹಂತವನ್ನು ಆ ಕಡೆ ಜ್ವರ ಎನ್ನುತ್ತಾರೆ. ರಕ್ತ ತೆಗೆಯಲು ತೋಳು ಚಾಚಿ ಕುಳಿತವರು, “ಬೇಗ ಬಿಡಮ್ಮ, ಮನೇಲಿ ಹುಳ ನಾಕನೇ ಜ್ವರಕ್ಕೆ ಕೂತವೆ. ಅವಕ್ಕಾದ್ರೆ ನಾಕೇ ಜ್ವರ, ನನಗೆ ಲೆಕ್ಕವೇ ಇಲ್ಲ” ಎನ್ನುವರು. ಅವರ ಎಡದೋಳಿನ ನರ ಎಲ್ಲಿ ಸಿಗುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ರಾಯದುರ್ಗದ ರೋಗಿಗಳು ಬೇರೆ ಬಗೆಯವರು. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಗುಂಪಾಗಿ ಬರುವರು. ಅವರ ಬೆರಳ ತುದಿಗೆ ಸ್ಪಿರಿಟ್ ಹತ್ತಿ ಒತ್ತಿದರೆ ಹತ್ತಿ ನೀಲಿಯಾಗುವುದು. ಮೂರು ಸಲ ಒರೆಸದೆ ಸೂಜಿ ಚುಚ್ಚಬಾರದೆಂದು ಅಲ್ಲಿ ಕಲಿತೆ. ಇಂಥವು ಯಾವ ಪಠ್ಯದಲ್ಲೂ ಇಲ್ಲ, ಹೋದ ಕಡೆ ಕಲಿಯಬೇಕು.

ಇಷ್ಟು ಹಿನ್ನೆಲೆ ಸಾಕು.

ಒಂದು ದಿನ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಸಂಸ್ಥೆಯ ಲ್ಯಾಬುಗಳ ಕಂಪ್ಯೂಟರುಗಳನ್ನೆಲ್ಲ ಅನಂತಪುರದ ನೆಟ್‌ವರ್ಕಿಗೆ ಜೋಡಿಸುವುದು. ಯಂತ್ರದಿಂದ ಬಂದ ಫಲಿತಾಂಶ ನೇರವಾಗಿ ಅನಂತಪುರಕ್ಕೆ ಹೋಗಿ, ಅಲ್ಲಿಂದ ಆಯಾ ಊರಿನ ವೈದ್ಯರ ಪರದೆಗೆ ಬರುವುದು. ಇದಕ್ಕಾಗಿ ಎರಡು ತಂತ್ರಾಂಶಗಳು ಪರಿಶೀಲನೆಯಲ್ಲಿವೆ, ಅಭಿಪ್ರಾಯ ಬರೆದು ಅನಂತಪುರದ ಸಭೆಗೆ ತರಬೇಕು ಎಂದಿತ್ತು. ನಾನು ನಾಲ್ಕು ಪುಟ ಬರೆದೆ. ಎರಡನ್ನೂ ಒಂದೊಂದು ವಾರ ನಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು ನೋಡಿ ಬರೆದದ್ದು.

ಮೊದಲನೆಯದು ನೋಡಲು ಚೆಂದ. ಬಣ್ಣದ ಪಟ್ಟಿಗಳು, ಒತ್ತಿದಲ್ಲೆಲ್ಲ ಹೊಸ ಕಿಟಕಿ. ಯಾವ ಲ್ಯಾಬು ಯಾವ ಸಂಖ್ಯೆ ಕೊಟ್ಟರೂ ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತಿತ್ತು. ಎರಡನೆಯದು ಬೂದು ಬಣ್ಣದ ಒಣ ಪರದೆ. ಲೈನು ಕಡಿದುಹೋದರೆ ಫಲಿತಾಂಶವನ್ನು ತನ್ನಲ್ಲೇ ಇಟ್ಟುಕೊಂಡು, ಲೈನು ಬಂದ ಮೇಲೆ ಕಳಿಸುವುದು. ಆದರೆ ಅದು ಹಟಮಾರಿ. ಪ್ರತಿ ಟ್ಯೂಬಿಗೂ ಊರಿನ ಗುರುತು ಸೇರಿದ ಉದ್ದನೆಯ ಸಂಖ್ಯೆಯ ಚೀಟಿ ಅಂಟಿಸಬೇಕು, ಇಲ್ಲದಿದ್ದರೆ ಮುಟ್ಟುವುದಿಲ್ಲ.

ರಸ್ತೆ ಅಗೆದಾಗಲೆಲ್ಲ ಟೆಲಿಫೋನ್ ಕೇಬಲ್ ಕಡಿಯುವ ಊರು ನಮ್ಮದು. ಆದ್ದರಿಂದ ಎರಡನೆಯದೇ ಬೇಕೆಂದು ಹದಿನಾಲ್ಕು ಕಾರಣ ಕೊಟ್ಟು ಬರೆದೆ. ನ್ಯಾಯಕ್ಕಾಗಿ ಅದರ ಒಂದು ದೋಷವನ್ನೂ ಬರೆದೆ: “ಇದರ ಉದ್ದನೆಯ ಸಂಖ್ಯೆ, ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿರುವ, ದಿನವೂ ಒಂದರಿಂದ ಆರಂಭಿಸುವ ಸುರಕ್ಷಿತ ಪದ್ಧತಿಗೆ ಹೊಂದುವುದಿಲ್ಲ.”

ಸಭೆಯಲ್ಲಿ ನನಗೆ ಹಿಂದಿನ ಸಾಲಿನ ಕುರ್ಚಿ. ಚಂದ್ರಮೌಳಿಯವರು ನನ್ನ ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕಾಫಿ ಲೋಟ ಇಟ್ಟರು. ಮೊದಲನೆಯ ತಂತ್ರಾಂಶದ ಕಂಪನಿಯವನು ಬಣ್ಣದ ಪರದೆ ತೋರಿಸುತ್ತಿದ್ದ. ನಾನು ಎದ್ದು, “ಲೈನು ಮಧ್ಯದಲ್ಲಿ ಕಡಿದರೆ ಫಲಿತಾಂಶ ಎಲ್ಲಿರುತ್ತದೆ?” ಎಂದು ಕೇಳಿದೆ.

“ಲೈನ್ ಕಟ್ ಆಗೋದೇ ಇಲ್ಲ ಮೇಡಂ.”

“ರಾಯದುರ್ಗದಲ್ಲಿ ಆಗುತ್ತದೆ.”

ಚಂದ್ರಮೌಳಿಯವರು ಹಿಂತಿರುಗಿ ನೋಡಿ, “ಮೇಡಂ ಗಾರು, ನೀವು ಸೂಜಿ ಹಿಡಿಯೋರು. ಮೌಸು ನಮಗೆ ಬಿಡಿ” ಎಂದರು. ಅಲ್ಲೂ ನಗು. ಲೋಟ ಎತ್ತಿದಾಗ ನನ್ನ ಮೊದಲ ಪುಟದ ಮೇಲೆ ಕಂದು ಬಣ್ಣದ ವೃತ್ತ ಮೂಡಿತ್ತು. ಮರುವಾರ ಮೊದಲನೆಯ ತಂತ್ರಾಂಶ ಆಯ್ಕೆಯಾಗಿದೆಯೆಂದು ಆದೇಶ ಬಂತು. ಅದರ ಜತೆಗೆ ಇನ್ನೊಂದು: ಇನ್ನು ಮುಂದೆ ಯಂತ್ರದಿಂದ ಕಾಗದದ ಚೀಟಿ ತೆಗೆಯುವ ಅಗತ್ಯವಿಲ್ಲ, ನಿಲ್ಲಿಸತಕ್ಕದ್ದು.

ನಾನು ನಿಲ್ಲಿಸಲಿಲ್ಲ. ಪ್ರತಿ ಫಲಿತಾಂಶದ ಚೀಟಿಯನ್ನೂ ತೆಗೆದು ಹಳೆಯ ರಿಜಿಸ್ಟರಿಗೆ ಅಂಟಿಸುತ್ತಲೇ ಇದ್ದೆ. ಕಾರಣ ಕೇಳಿದ್ದರೆ ಭಯವೆಂದೇ ಹೇಳುತ್ತಿದ್ದೆ. ಮೊದಲೆಲ್ಲ ಯಂತ್ರದ ಅಂಕಿಯನ್ನು ಕೈಯಾರೆ ಬರೆಯುತ್ತಿದ್ದೆವು. ಬರೆಯುವಾಗ ಕಣ್ಣು ಓದುತ್ತಿತ್ತು, ಓದುವಾಗ ಮನಸ್ಸು ಬೆಚ್ಚುತ್ತಿತ್ತು: ಇದೇನು ಇಷ್ಟು ಹೆಚ್ಚು, ಇದೇನು ಇಷ್ಟು ಕಡಿಮೆ? ಈಗ ಟ್ಯೂಬು ಇಟ್ಟು ಗುಂಡಿ ಒತ್ತಿದರೆ ಅಂಕಿ ತಾನೇ ಹೊರಟುಹೋಗುತ್ತದೆ. ನಮ್ಮ ಕೋಣೆಯಲ್ಲಿ ಅದನ್ನು ಯಾರೂ ಓದಬೇಕಾಗಿಲ್ಲ. ಓದದೆ ಹೋಗುವ ಆ ಅಂಕಿಗಳ ನೆನಪಾದರೆ ನನಗೆ ಊಟದ ಮಧ್ಯೆ ಕೈ ನಿಲ್ಲುತ್ತಿತ್ತು.

ಮೊದಲು ರಾಯದುರ್ಗವೊಂದನ್ನೇ ಜೋಡಿಸಿದರು. ವಾರಗಟ್ಟಲೆ ಎಲ್ಲವೂ ಸರಿಯಾಗಿ ನಡೆಯಿತು. ಲೈನು ಎರಡು ಸಲ ಕಡಿಯಿತು. ಎರಡೂ ಸಲ ನಾನು ಚೀಟಿಯಿಂದ ಓದಿ ಹೇಳಿದೆ. ನನ್ನ ಎಚ್ಚರವೆಲ್ಲ ಲೈನಿನ ಮೇಲೇ ಇತ್ತು. ಆಮೇಲೆ ಮಡಕಶಿರಾವನ್ನು ಜೋಡಿಸಿದರು.

ಮಡಕಶಿರಾ ಸೇರಿದ ನಾಲ್ಕನೆಯ ದಿನ ಬೆಳಿಗ್ಗೆ ನಮ್ಮಲ್ಲಿ ಹದಿನೇಳನೆಯ ಸಂಖ್ಯೆ ಹುಲಿಗೆಮ್ಮನದು. ಜೀನ್ಸ್ ಹೊಲಿಯುವ ಹೆಂಗಸು. ಎರಡು ದಿನದಿಂದ ವಾಂತಿ, ನಿಶ್ಶಕ್ತಿ. ಅವಳ ಪೊಟ್ಯಾಸಿಯಂ ನೋಡಬೇಕೆಂದು ವಾರ್ಡಿನಿಂದ ಟ್ಯೂಬು ಬಂತು. ಪೊಟ್ಯಾಸಿಯಂ ಎಂಬುದು ರಕ್ತದಲ್ಲಿರುವ ಲವಣ. ಮೂರೂವರೆಯಿಂದ ಐದರವರೆಗೆ ಇದ್ದರೆ ಸರಿ. ಏಳು ದಾಟಿದರೆ ಹೃದಯ ಯಾವ ಗಳಿಗೆಯಲ್ಲಿ ಬೇಕಾದರೂ ನಿಲ್ಲಬಹುದು. ಹುಲಿಗೆಮ್ಮನದು 3.9 ಬಂತು. ಚೀಟಿ ಅಂಟಿಸಿ ಮುಂದಿನ ಟ್ಯೂಬು ತೆಗೆದುಕೊಂಡೆ.

ಮುಕ್ಕಾಲು ಗಂಟೆಯ ಮೇಲೆ, ಡಾಕ್ಟರು ಪರದೆ ತೆರೆದ ಹೊತ್ತಿಗೆ, ವಾರ್ಡಿನ ನರ್ಸ್ ಓಡಿ ಬಂದಳು. “ಮೇಡಂ, ಲಗೂ ಬರ್ರಿ. ಹುಲಿಗೆಮ್ಮಂಗ ಪೊಟ್ಯಾಸಿಯಂ ಏಳು ದಾಟೈತಂತ. ಅದನ್ನ ಇಳಿಸಾಕ ಡಾಕ್ಟ್ರು ಇಂಜೆಕ್ಷನ್ ತಗೊಂಡಾರ.”

ನಾನು ರಿಜಿಸ್ಟರನ್ನೇ ಎತ್ತಿಕೊಂಡು ಓಡಿದೆ. ಡಾಕ್ಟರ್ ವಸಂತಾ ಕೆಲಸಕ್ಕೆ ಹೊಸಬರು. ಕೈಯಲ್ಲಿ ಸಿರಿಂಜ್ ಇತ್ತು. ಪರದೆಯ ಮೇಲೆ ಹುಲಿಗೆಮ್ಮನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ 7.2.

“ಕೈ ನಿಲ್ಲಿಸಿ ಡಾಕ್ಟರೇ. ಇದು ಇವಳದಲ್ಲ.”

“ಇವಳ ಹೆಸರಲ್ಲೇ ಬಂದೈತಲ್ರಿ ಮೇಡಂ.”

ನಾನು ಚೀಟಿ ತೋರಿಸಿದೆ. ಅವರು ಚೀಟಿ ನೋಡಿದರು, ಪರದೆ ನೋಡಿದರು, ಹುಲಿಗೆಮ್ಮನ ಇ.ಸಿ.ಜಿ. ನೋಡಿದರು, ಅದರಲ್ಲಿ ಏನೂ ದೋಷವಿರಲಿಲ್ಲ. ಸಿರಿಂಜನ್ನು ತಟ್ಟೆಯಲ್ಲಿ ಇಟ್ಟರು. ಹುಲಿಗೆಮ್ಮ ಮಲಗಿದ್ದಲ್ಲಿಂದಲೇ, “ಏನ್ರವ್ವಾ, ಇರತೀನೋ ಹೋಗತೀನೋ? ಒಂದ್ ಮಾತ್ ಹೇಳ್ರಿ, ಮೇಸ್ತ್ರಿಗೆ ಫೋನ್ ಮಾಡಬೇಕು” ಎಂದಳು. ನರ್ಸ್ ಬಾಯಿಗೆ ಸೆರಗು ಹಿಡಿದು ನಕ್ಕಳು. ಡಾಕ್ಟರ್ ವಸಂತಾ ನಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದರು:

“ಹಾಗಾದ್ರ ಮೇಡಂ, ಈ ಏಳು ಪಾಯಿಂಟ್ ಎರಡು ಯಾರ್ದು?”

ಅಂಕಿ ಸುಳ್ಳಾಗಿರಲಿಲ್ಲ. ಎಲ್ಲೋ ಒಂದು ದೇಹದಲ್ಲಿ ಆ ರಕ್ತ ಹರಿಯುತ್ತಿತ್ತು. ಆ ಮನುಷ್ಯನ ಹೆಸರಿನ ಮುಂದೆ ಹುಲಿಗೆಮ್ಮನ 3.9 ಕುಳಿತಿರಬೇಕು. ಅವನಿಗೆ ನೀನು ಚೆನ್ನಾಗಿದ್ದೀಯ ಎಂದು ಹೇಳಿರಬೇಕು. ಹೊಸದಾಗಿ ಸೇರಿದ ಊರು ಒಂದೇ. ಆ ಊರಿನ ಸಂಖ್ಯೆಯೂ ಪ್ರತಿದಿನ ಒಂದರಿಂದ ಆರಂಭವಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ರಂಗನಾಥನಿಗೆ ಫೋನ್ ಮಾಡಿದೆ.

“ರಂಗಾ, ಇವತ್ತು ನಿಮ್ಮಲ್ಲಿ ಹದಿನೇಳು ಯಾರು?”

“ಹದಿನೇಳಾ? ನಮ್ ತಿಮ್ಮಪ್ಪಣ್ಣ ಕಣಕ್ಕ. ಪೊಟ್ಯಾಸಿಯಂ ಮೂರು ಪಾಯಿಂಟ್ ಒಂಬತ್ತು, ಫಸ್ಟ್ ಕ್ಲಾಸ್. ಡಾಕ್ಟ್ರು ಮಾತ್ರೆ ಬರ್ದು ಕಳಿಸಿದ್ರು. ಕುಣ್ಕೊಂಡ್ ಹೋದ್ರು ಪುಣ್ಯಾತ್ಮ.”

“ಯಂತ್ರದ ಚೀಟಿ ಓದು.”

“ಚೀಟಿ ಈಗ ತೆಗೆಯಲ್ಲಲ್ಲಕ್ಕ. ಆರ್ಡರ್ ಬಂದೈತಲ್ಲ.”

“ಯಂತ್ರದೊಳಗೆ ಹಿಂದಿನದು ಉಳಿದಿರುತ್ತೆ. ಹದಿನೇಳು ತೆಗೆದು ಓದು.”

ಗುಂಡಿ ಒತ್ತುವ ಸಪ್ಪಳ ಫೋನಿನಲ್ಲಿ ಕೇಳುತ್ತಿತ್ತು. ಒಂದು, ಎರಡು, ಮೂರು.

“ರಂಗಾ?”

“ಅಕ್ಕಾ... ಏಳು ಪಾಯಿಂಟ್ ಎರಡೈತೆ.”

ತಿಮ್ಮಪ್ಪನವರು ಹೊರಟು ಅರ್ಧ ಗಂಟೆಯಾಗಿತ್ತು. ಕೇಸ್ ಶೀಟಿನಲ್ಲಿದ್ದ ಮೊಬೈಲು ಅವರ ಅಳಿಯನದು, ಅವನು ಎತ್ತಲಿಲ್ಲ. ಅವರ ಹಳ್ಳಿಗೆ ಹೋಗುವ ಬಸ್ಸು ಹನ್ನೊಂದಕ್ಕೆ. ಆಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. “ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಸಿದ್ಧ ಮಾಡಿಸು, ನೀನು ಬಸ್ ಸ್ಟ್ಯಾಂಡಿಗೆ ಓಡು. ಹೋಗುವ ಮುಂಚೆ ಕಂಪ್ಯೂಟರಿನ ಹಿಂದಿನ ಕೇಬಲ್ ಕಿತ್ತು ಹೋಗು” ಎಂದೆ. ನಾನೂ ಲ್ಯಾಬಿಗೆ ಹಿಂದಿರುಗಿ ನಮ್ಮ ಕೇಬಲ್ ಕಿತ್ತೆ. ಇನ್ನೊಂದು ಸಂಖ್ಯೆ ಇನ್ನೊಬ್ಬರ ಹೆಸರಿಗೆ ಹೋಗಬಾರದು.

ಆಮೇಲಿನ ಹೊತ್ತನ್ನು ನಾನು ಕಳೆದದ್ದು ಫೋನ್ ಹಿಡಿದು ಸ್ಟೂಲಿನ ಮೇಲೆ. ಬಸ್ಸು ಹೊರಟಿದ್ದರೆ? ಇಳಿದು ಹೊಲದ ಹಾದಿ ಹಿಡಿದಿದ್ದರೆ? ಸೊಪ್ಪಿನ ತೋಟದಲ್ಲಿ ಒಬ್ಬರೇ ಕುಸಿದರೆ ಯಾರು ನೋಡುತ್ತಾರೆ? ಕಿಡ್ನಿ ರೋಗಿಗಳಿಗೆ ಕೈಕಾಲು ಸೋಲುವುದು ಹೊಸದಲ್ಲ; ಆಯಾಸವೆಂದು ನೆರಳಲ್ಲಿ ಮಲಗಿದರೆ ಏಳುವುದಿಲ್ಲ. ಫೋನ್ ಬಡಿಯಿತು. ರಂಗನಾಥನೆಂದು ಎತ್ತಿದರೆ ಚಂದ್ರಮೌಳಿಯವರು.

“ಮೇಡಂ, ಎರಡೂ ಲ್ಯಾಬು ಪರದೆಯಿಂದ ಮಾಯವಾಗಿವೆ. ಯಾರನ್ನ ಕೇಳಿ ಕೇಬಲ್ ಕಿತ್ತಿರಿ?”

“ಒಬ್ಬ ಮನುಷ್ಯ ಸಿಗಬೇಕಾಗಿದೆ ಸಾರ್. ಸಿಕ್ಕ ಮೇಲೆ ಉತ್ತರ ಕೊಡುತ್ತೇನೆ.”

“ಮೊದಲು ಕೇಬಲ್ ಹಾಕಿ. ಇದು ನಿಮ್ಮ ಮನೆಯ...”

ನಾನು ಫೋನ್ ಕತ್ತರಿಸಿದೆ. ಮೂವತ್ತು ವರ್ಷದ ಸೇವೆಯಲ್ಲಿ ಮೇಲಧಿಕಾರಿಯ ಮಾತಿನ ಮಧ್ಯೆ ಫೋನ್ ಇಟ್ಟದ್ದು ಅದೊಂದೇ ಸಲ. ನಂತರ ನನಗೆ ಬಂದ ಮೆಮೊದಲ್ಲಿ ಅದೂ ಒಂದು ಆರೋಪವಾಗಿತ್ತು.

ಹನ್ನೊಂದೂ ಏಳಕ್ಕೆ ರಂಗನಾಥನ ಕರೆ ಬಂತು. ಉಸಿರು ಕಟ್ಟಿತ್ತು. ಹಿಂದೆ ಯಾರೋ ಬೈಯುತ್ತಿದ್ದರು.

“ಸಿಕ್ಕಿದ್ರು ಕಣಕ್ಕ! ಬಸ್ಸು ಲೇಟು, ಎಳನೀರು ಗಾಡಿ ಹತ್ರ ಇದ್ರು.”

ಎಳನೀರು ಎಂಬ ಪದ ಕೇಳಿ ಸ್ಟೂಲಿನಿಂದ ಎದ್ದು ನಿಂತೆ. ಎಳನೀರಿನ ತುಂಬ ಪೊಟ್ಯಾಸಿಯಂ. ಸೋತ ಮೂತ್ರಪಿಂಡದವರಿಗೆ ನಾವು ಮೊದಲು ನಿಲ್ಲಿಸುವುದೇ ಅದನ್ನು.

“ಎಷ್ಟು ಕುಡಿದರು?”

“ಒಂದು ಮುಗ್ಸವ್ರೆ. ಎರಡನೇದು ಬಾಯಿಗಿಟ್ಟಿದ್ರು, ಹೊಡೆದು ಬೀಳಿಸ್ದೆ. ಗಾಡಿಯವನು ಬಡಿಯಕ್ಕೆ ಬಂದವ್ನೆ.”

ಅವನ ಮಾತಿನ ನಡುವೆ ತಿಮ್ಮಪ್ಪನವರ ದನಿ ಕೇಳಿಸಿತು. ಅದು ಕೋಪದ ದನಿಯಲ್ಲ, ಪೆಟ್ಟು ತಿಂದವರ ದನಿ. “ಯಾಕಪ್ಪಾ ಹಿಂಗೆ ಮಾಡ್ದೆ? ಎಲ್ಲಾ ಸರಿಯಾಗೈತೆ ಅಂತ ನೀವೇ ಅಲ್ವೇನೋ ಹೇಳಿದ್ದು? ಎಂಟು ತಿಂಗಳಾಗಿತ್ತು ಕಣೋ ಎಳನೀರು ಮುಟ್ಟಿ.”

ಬೈಕಿನ ಹಿಂದೆ ಕೂರಿಸಿಕೊಂಡು ಬರುವಾಗ ಅವರ ಕಾಲು ಎರಡು ಸಲ ಜಾರಿತಂತೆ. ಆಸ್ಪತ್ರೆಯ ಗೇಟಿನಲ್ಲಿ ಇಳಿಯಲಾಗಲಿಲ್ಲ; ಎತ್ತಿಕೊಂಡು ಹೋದರು. ಮಾನಿಟರ್ ಹಚ್ಚಿದಾಗ ಹೃದಯದ ಬಡಿತ ಆಗಲೇ ದಾರಿ ತಪ್ಪಿತ್ತು. ಕ್ಯಾಲ್ಸಿಯಂ ಕೊಟ್ಟು, ಆಮ್ಲಜನಕ ಹಾಕಿ, ಆಂಬುಲೆನ್ಸಿನಲ್ಲಿ ಹಿಂದೂಪುರಕ್ಕೆ ಸಾಗಿಸಿ ಡಯಾಲಿಸಿಸ್ ಮಾಡಿಸಿದರು. ಮರುದಿನ ಮಧ್ಯಾಹ್ನ ಅವರು ಎದ್ದು ಕುಳಿತರೆಂದು ಸುದ್ದಿ ಬಂತು.

ಕಾರಣವನ್ನು ಕಂಪನಿಯ ಇಂಜಿನಿಯರ್ ಬಂದು ಬಿಡಿಸಿ ಹೇಳಿದ. ಆ ತಂತ್ರಾಂಶ ಊರನ್ನು ನೋಡುತ್ತಿರಲಿಲ್ಲ. ದಿನಾಂಕ, ಸಂಖ್ಯೆ, ಪರೀಕ್ಷೆ ಮೂರನ್ನೇ ನೋಡುತ್ತಿತ್ತು. ಅಂದು ಎರಡು ಊರಲ್ಲೂ ಹದಿನೇಳನೆಯವರಿಗೆ ಪೊಟ್ಯಾಸಿಯಂ ಬರೆದಿದ್ದರು. ಹುಲಿಗೆಮ್ಮನ ಹೆಸರು ಮೊದಲು ದಾಖಲಾಗಿತ್ತು, ಮಡಕಶಿರಾದ ಫಲಿತಾಂಶ ಮೊದಲು ಬಂತು; ಅದನ್ನು ಅವಳಿಗೆ ಕೊಟ್ಟಿತು. ಉಳಿದದ್ದನ್ನು ತಿಮ್ಮಪ್ಪನವರಿಗೆ ಕೊಟ್ಟಿತು.

ಚಂದ್ರಮೌಳಿಯವರು ತಾವೇ ರಾಯದುರ್ಗಕ್ಕೆ ಬಂದರು. ರಂಗನಾಥನನ್ನೂ ಕರೆಸಿದ್ದರು. ಸಿದ್ಧಪಡಿಸಿ ತಂದಿದ್ದ ಹೇಳಿಕೆಯಲ್ಲಿ, ಮಡಕಶಿರಾದ ಟೆಕ್ನಿಷಿಯನ್ ಸಂಖ್ಯೆ ನಮೂದಿಸುವಾಗ ಅಜಾಗರೂಕತೆ ತೋರಿದ್ದಾನೆ ಎಂದಿತ್ತು. ರಂಗನಾಥ ಪೆನ್ನು ತೆಗೆದಿದ್ದ. ನಾನು ಅವನ ಮುಂದಿನ ಕಾಗದ ಎಳೆದುಕೊಂಡೆ.

“ಇವನು ಬರೆದ ಸಂಖ್ಯೆ ಸರಿಯಾಗಿತ್ತು. ನಾನು ಬೇಡವೆಂದ ತಂತ್ರಾಂಶವನ್ನು ನೀವು ಆರಿಸಿದಿರಿ. ನನ್ನ ಹದಿನಾಲ್ಕು ಕಾರಣಗಳ ಮೇಲೆ ಲೋಟ ಇಟ್ಟಿರಿ.”

ಅವರು ಶಾಂತವಾಗಿ ಚೀಲ ತೆರೆದು ಆ ನಾಲ್ಕು ಪುಟಗಳನ್ನೇ ಹೊರತೆಗೆದರು. ಕಾಫಿಯ ಕಲೆ ಹಾಗೆಯೇ ಇತ್ತು. ಮೂರನೆಯ ಪುಟದಲ್ಲಿ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದರು. “ಓದಿದ್ದೇನೆ ಮೇಡಂ. ಉದ್ದನೆಯ ಸಂಖ್ಯೆ ನಿಮ್ಮ ಸುರಕ್ಷಿತ ಪದ್ಧತಿಗೆ ಹೊಂದುವುದಿಲ್ಲ ಅಂತ ಬರೆದವರು ಯಾರು? ಆಯ್ಕೆಯ ಆದೇಶದಲ್ಲಿ ನಿಮ್ಮ ಅಭಿಪ್ರಾಯವನ್ನೇ ಉಲ್ಲೇಖಿಸಿದ್ದೇನೆ.”

ಹದಿನಾಲ್ಕು ಕಾರಣಗಳನ್ನು ಮತ್ತೆ ಮೊದಲಿನಿಂದ ಓದಿದೆ. ಲೈನು, ವಿದ್ಯುತ್ತು, ಯುಪಿಎಸ್, ತರಬೇತಿ. ಎರಡು ಊರಲ್ಲಿ ಒಂದೇ ಸಂಖ್ಯೆ ಇದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ. ಅವರು ಲೋಟ ಇಡದೆ ಪ್ರತಿ ಅಕ್ಷರ ಓದಿದ್ದರೂ ಈ ಅಪಾಯ ಅವರಿಗೆ ಅಲ್ಲಿ ಕಾಣುತ್ತಿರಲಿಲ್ಲ. ಆ ಬೂದು ಪರದೆ ನನ್ನ ಹೆಮ್ಮೆಯ ಪದ್ಧತಿಯನ್ನು ಒಪ್ಪದೆ ಹಟ ಹಿಡಿದದ್ದು ಇದಕ್ಕೇ ಎಂದು ತಿಳಿಯದೆ, ಅದನ್ನು ದೋಷವೆಂದು ಬರೆದಿದ್ದೆ.

ಹೇಳಿಕೆಯನ್ನು ಬೇರೆ ಬರೆದೆ. ತಂತ್ರಾಂಶದ ದೋಷ, ಚೀಟಿ ನಿಲ್ಲಿಸಿದ ಆದೇಶದ ದೋಷ, ದಿನವೂ ಒಂದರಿಂದ ಆರಂಭಿಸುವ ಪದ್ಧತಿಯನ್ನು ಎರಡು ಊರಿಗೂ ಒಯ್ದು ಅದನ್ನು ಸಮರ್ಥಿಸಿದ ನನ್ನ ದೋಷ, ಮೂರನ್ನೂ ಸೇರಿಸಿ ಸಹಿ ಹಾಕಿದೆ. ರಂಗನಾಥನ ಹೆಸರು ಅದರಲ್ಲಿರಲಿಲ್ಲ. ಚಂದ್ರಮೌಳಿಯವರು ಮೂರನೆಯದನ್ನು ಮಾತ್ರ ಎಲ್ಲೆಡೆ ಓದಿ ಹೇಳಿದರೆಂದು ಆಮೇಲೆ ತಿಳಿಯಿತು. ಇರಲಿ. ಅದು ನಿಜವೇ ಆಗಿತ್ತು.

ಮಡಕಶಿರಾ ಸೇರಿದ ಮೇಲಿನ ಮೊದಲ ಮೂರು ದಿನಗಳ ಕಥೆ? ಅದೇ ನನ್ನನ್ನು ಹೆಚ್ಚು ಕಾಡಿತು. ಆ ದಿನಗಳ ಪ್ರತಿ ಸಂಖ್ಯೆಯನ್ನೂ ಚೀಟಿ ಮತ್ತು ಪರದೆ ಇಟ್ಟುಕೊಂಡು ಹೋಲಿಸಿದೆ. ಇನ್ನೂ ಎರಡು ಜೋಡಿ ಅದಲುಬದಲಾಗಿದ್ದವು. ಮಡಕಶಿರಾದ ಇಬ್ಬರನ್ನು ರಂಗನಾಥ ಹುಡುಕಿದ, ನಮ್ಮ ಕಡೆಯ ಇಬ್ಬರನ್ನು ನಾನು. ಗುಮ್ಮಘಟ್ಟಕ್ಕೆ ಶೇರ್ ಆಟೋದಲ್ಲಿ ಹೋದದ್ದು ನೆನಪಿದೆ. ಕುರಿ ಸಾಕುವ ಮನೆಯ ಮುದುಕಿ. ಸಕ್ಕರೆ ಮುನ್ನೂರರ ಮೇಲಿದ್ದವಳಿಗೆ ನೂರ ಹತ್ತು ಎಂದು ಹೇಳಿ ಕಳಿಸಿದ್ದೆವು. ಅವಳನ್ನು ಕಣ್ಣಾರೆ ಕಾಣುವವರೆಗೆ ನನ್ನ ಕೈ ಆಟೋದ ಕಂಬಿ ಬಿಟ್ಟಿರಲಿಲ್ಲ. ಅಂಗಳದಲ್ಲಿ ಕುಳಿತು ಅವಳು ಬೆಲ್ಲದ ಚಹಾ ಕುಡಿಯುತ್ತಿದ್ದಳು. ವಿಷಯ ಹೇಳಿ ಕ್ಷಮೆ ಕೇಳಿದೆ.

“ಯಾಕ್ರಿ ಅಳತೀರಿ? ಮೂರು ದಿನ ಆರಾಮ ಇದ್ನೆಲ್ರಿ! ನಿಮ್ಮ ಕಂಪ್ಯೂಟ್ರಿಗೆ ಹೇಳ್ರಿ, ಇನ್ನೊಂದ್ ಸಲ ಹಂಗ ತಪ್ಪಲಿ” ಎಂದಳು. ಲೋಟ ಮಾತ್ರ ಕೆಳಗಿಟ್ಟಳು.

ಎರಡನೆಯ ಸಲ ಆರಿಸುವಾಗ ಮುಖ್ಯ ಕಚೇರಿ ಕಡತವನ್ನು ನನ್ನ ಮೇಜಿಗೇ ಕಳಿಸಿತು. ಮೊದಲ ಸಲ ಕೇಳಲಿಲ್ಲವೆಂದು ಕುದಿದಿದ್ದವಳು ಈಗ ಕೇಳಿದಾಗ ಸಹಿ ಹಾಕಲು ಹೆದರಿದೆ. ಬೂದು ಪರದೆಯ ತಂತ್ರಾಂಶವನ್ನೇ ತರಿಸಿ, ಈ ಸಲ ಗುಣಗಳನ್ನು ಪಟ್ಟಿ ಮಾಡಲಿಲ್ಲ, ಕೆಡಿಸಲು ಕುಳಿತೆ. ರಂಗನಾಥ ಅಲ್ಲಿ, ನಾನು ಇಲ್ಲಿ. ಒಂದೇ ಹೆಸರು, ಒಂದೇ ವಯಸ್ಸು, ಒಂದೇ ಪರೀಕ್ಷೆ ಎರಡು ಕಡೆಯಿಂದ ಒಟ್ಟಿಗೆ ಕಳಿಸಿದೆವು. ಕಳಿಸುವ ಮಧ್ಯೆ ಕೇಬಲ್ ಕಿತ್ತೆವು. ಊರಿನ ಗುರುತು ಹರಿದ ಚೀಟಿ ಅಂಟಿಸಿದೆವು. ಬೇಕೆಂದೇ ನಾಳೆಯ ದಿನಾಂಕ ಹಾಕಿದೆವು. ಅದು ಕೆಲವನ್ನು ತಿರಸ್ಕರಿಸಿತು, ಕೆಲವನ್ನು ತಡೆದಿಟ್ಟಿತು. ಒಂದನ್ನೂ ತಪ್ಪು ಹೆಸರಿಗೆ ಕೊಡಲಿಲ್ಲ. ಎರಡು ವಾರದ ನಂತರ ಸಹಿ ಹಾಕಿದೆ. ಅದೇ ದಿನ ಎರಡೂ ಲ್ಯಾಬಿನಲ್ಲಿ, ಒಂದರಿಂದ ಆರಂಭಿಸುವ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆಸಿದೆ.

ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ತಂತ್ರಾಂಶ ಆರಿಸುವ ಮೊದಲು ಅದನ್ನು ನೋಡುವಷ್ಟೇ ಹೊತ್ತು, ನಿಮ್ಮ ಕೋಣೆಯಲ್ಲಿ ಎಂದಿನಿಂದಲೋ ನಡೆದು ಬಂದ ಪದ್ಧತಿಯನ್ನೂ ನೋಡಿ. ಒಂದು ಕೋಣೆಯೊಳಗೆ ಸುರಕ್ಷಿತವಾಗಿದ್ದದ್ದು ಎರಡು ಕೋಣೆ ಸೇರಿದಾಗ ಹಾಗೆಯೇ ಉಳಿಯುತ್ತದೆಂದು ನಂಬಬೇಡಿ. ಅಂಕಿ ತಾನೇ ಹೋದರೂ ಹೋಗುವ ಮುಂಚೆ ಓದಿ.

ಡಯಾಲಿಸಿಸ್ ಆರಂಭವಾದ ಮೇಲೆ ತಿಮ್ಮಪ್ಪನವರು ಪರದೆಯನ್ನು ನಂಬಲಿಲ್ಲ. “ಆ ಟೀವಿದು ಬ್ಯಾಡ. ರಾಯದುರ್ಗದ ಅಮ್ಮನ ಹತ್ರ ಕೇಳಿ ಹೇಳು” ಎಂದು ರಂಗನಾಥನ ಮುಂದೆ ಕೂರುತ್ತಿದ್ದರು. ಅವನು ಯಂತ್ರದ ಅಂಕಿ ಓದುವನು, ನಾನು ಅನಂತಪುರದ ದಾಖಲೆ ತೆರೆದು ಇಲ್ಲಿನ ಪರದೆಯ ಅಂಕಿ ಓದುವೆ, ಎರಡೂ ಒಂದಾದ ಮೇಲೆ ಅವರು ಏಳುವರು. ಹೀಗೆ ಮೂರು ವರ್ಷ.

ಒಂದು ಬೆಳಿಗ್ಗೆ ಅವರು ಮನೆಯಲ್ಲೇ ತೀರಿಕೊಂಡರೆಂದು ರಂಗನಾಥ ಹೇಳಿದ. ಹಿಂದಿನ ದಿನವಷ್ಟೇ ರಕ್ತ ಪರೀಕ್ಷೆಯಾಗಿತ್ತು. ಅಂದು ನಾನು ರಜೆಯಲ್ಲಿದ್ದೆ, ಓದಿ ಹೇಳಿರಲಿಲ್ಲ. ಬಸ್ಸು ಬದಲಾಯಿಸಿ ಮಡಕಶಿರಾಕ್ಕೆ ಹೋದೆ. ಯಂತ್ರದಲ್ಲಿ ಉಳಿದಿದ್ದ ಅಂಕಿ ತೆಗೆಸಿದೆ, ಪರದೆಯ ಅಂಕಿ ನೋಡಿದೆ, ಆಮೇಲೆ ಅವರ ಮನೆಗೆ ಹೋಗಿ ವೈದ್ಯರು ಬರೆದ ಹಾಳೆ ಕೇಳಿದೆ. ಅವರ ಹೆಂಡತಿ ಪ್ಲಾಸ್ಟಿಕ್ ಚೀಲದಿಂದ ಫೈಲು ತೆಗೆದುಕೊಟ್ಟರು. ಮೂರನ್ನೂ ಜಗುಲಿಯ ಮೇಲೆ ಜೋಡಿಸಿಟ್ಟು ಎರಡು ಸಲ ಓದಿದೆ. ಅವರು ನನ್ನ ಬೆರಳು ಸರಿಯುವುದನ್ನೇ ನೋಡುತ್ತಿದ್ದರು.

“ಈ ಸಲ ಅವ್ರದ್ದೇ ನಂಬರ್ರೇನಮ್ಮಾ?”

“ಹೌದಮ್ಮ,” ಎಂದೆ. “ಅವರದೇ.”